ಓಡುತ್ತಿರುವ ವಾಚನ್ನು ಬಿಚ್ಚಿಸಬೇಕಾ? ಬಿಚ್ಚಿಸುವುದಾದರೆ ಯಾರ ಕೈಗೆ ಕೊಡಬೇಕು?

ಪ್ರಶ್ನೆ: ಸರ್, ನಾನು ಹುಬ್ಬಳ್ಳಿ ವಿದ್ಯಾನಗರದವನು. 2017ರಲ್ಲಿ ನಮ್ಮ ಭಾವ ದುಬೈನಿಂದ ಬರುವಾಗ ಒಮೇಗಾ ಸೀಮಾಸ್ಟರ್ ಡೈವರ್ 300 ಎಂ ತಂದುಕೊಟ್ಟಿದ್ದರು. ಇಲ್ಲಿಯವರೆಗೆ ಒಮ್ಮೆಯೂ ಬಿಚ್ಚಿಸಿಲ್ಲ. ಮೊದಲು ದಿನಕ್ಕೆ ಮೂರ್ನಾಲ್ಕು ಸೆಕೆಂಡ್ ಮುಂದೆ ಓಡುತ್ತಿತ್ತು, ಈಗ ಹದಿನೈದು ಇಪ್ಪತ್ತು ಸೆಕೆಂಡ್ ಹಿಂದೆ ಬೀಳುತ್ತಿದೆ. ಶನಿವಾರ ರಾತ್ರಿ ತೆಗೆದಿಟ್ಟರೆ ಭಾನುವಾರ ಸಂಜೆಗೆ ನಿಂತಿರುತ್ತದೆ. ದುರ್ಗದಬೈಲ್ ಹತ್ತಿರ ಒಬ್ಬರಿಗೆ ತೋರಿಸಿದೆ, "ಎಣ್ಣಿ ಒಣಗೇತ್ರಿ, ಬಿಟ್ಟು ಹೋಗ್ರಿ, ಸಂಜಿಕ ಬಂದ್ ಒಯ್ರಿ, ಸಾವಿರದಾ ಐನೂರು ಕೊಡ್ರಿ" ಅಂದರು. ಬೆಂಗಳೂರಿನ ಕಂಪನಿ ಸೆಂಟರ್‌ಗೆ ಫೋನ್ ಮಾಡಿದರೆ ಹತ್ತಾರು ಸಾವಿರದ ಮಾತು. ಗೆಳೆಯರು ಓಡೋ ವಾಚ್ ಮುಟ್ಟಬೇಡ ಅಂತಾರೆ. ಅಪ್ಪನ ಮದುವೆಯ ಫೇವರ್ ಲೂಬಾ ಸೀ ಕಿಂಗ್ ಕೂಡ ಇದೆ, ಕೀ ಕೊಟ್ಟರೆ ಓಡುತ್ತದೆ. ಎರಡನ್ನೂ ಒಟ್ಟಿಗೆ ಬೆಂಗಳೂರಿಗೆ ಕೊಟ್ಟುಬಿಡಲಾ? ಮಳೆಯಲ್ಲಿ ಒಮೇಗಾ ಹಾಕಬಹುದಾ? ವೈಂಡರ್ (ತೆಗೆದಿಟ್ಟ ವಾಚನ್ನು ತಿರುಗಿಸುತ್ತಾ ಇಡುವ ಡಬ್ಬಿ) ತಗೋಬೇಕಾ?

ಉತ್ತರ: ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಒಮೇಗಾ ಬೆಂಗಳೂರಿಗೆ ಹೋಗಲಿ, ಆದರೆ ನಾಳೆಯೇ ರೈಲು ಹತ್ತುವ ಅವಸರ ಇಲ್ಲ. ಅಪ್ಪನ ಫೇವರ್ ಲೂಬಾ ಇಲ್ಲೇ ಊರಲ್ಲಿ ಆಗಲಿ, ಅದಕ್ಕೆ ಮಾತ್ರ ತಡ ಮಾಡಬೇಡಿ. ಸರ್ವೀಸ್ ಆಗುವ ತನಕ ಅದಕ್ಕೆ ಕೀ ಕೊಡುವುದನ್ನೂ ಬಿಡಿ.

ನಮ್ಮಲ್ಲಿ ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಲಕ್ಷಗಟ್ಟಲೆ ಬೆಲೆಯ ವಾಚು ಒಂದೆರಡು ಸೆಕೆಂಡ್ ಆಚೀಚೆ ಆದರೂ ನಿದ್ದೆ ಬರಲ್ಲ, ಹಿರಿಯರ ವಾಚು ಮಾತ್ರ ತಿಜೋರಿಯಲ್ಲಿ ಬಿದ್ದಿರುತ್ತೆ, ಹಬ್ಬಕ್ಕೊಮ್ಮೆ ತೆಗೆದು ಕೀ ಕೊಟ್ಟು "ನೋಡು, ಇನ್ನೂ ಹೆಂಗ ಓಡತೈತಿ" ಅಂತ ಖುಷಿ ಪಡುವುದು. ವಾಚಿನ ಬೆಲೆ ನೋಡಿ ನಾನು ಇದನ್ನು ನಿರ್ಧರಿಸಲ್ಲ. ಇದರ ಪಾರ್ಟು ಇವತ್ತಿಗೆ ಸಿಗುತ್ತಾ, ಸಿಕ್ಕರೆ ಯಾರಿಗೆ ಸಿಗುತ್ತೆ, ಅಷ್ಟನ್ನೇ ಕೇಳಿಕೊಳ್ಳುತ್ತೇನೆ. ಯಾವಾಗ ಕೊಡಬೇಕು, ಎಲ್ಲಿ ಕೊಡಬೇಕು ಎರಡಕ್ಕೂ ಉತ್ತರ ಅಲ್ಲೇ ಇದೆ.

ನಿಮ್ಮ ಒಮೇಗಾದಿಂದಲೇ ಶುರು ಮಾಡೋಣ. 2017ರ ಸೀಮಾಸ್ಟರ್ 300 ಎಂ ಅಂದರೆ ಒಳಗೆ 2500 ನಂಬರಿನ ಕೋ-ಆಕ್ಸಿಯಲ್ ಮಷೀನ್ ಇರುತ್ತೆ. ಹೊಸ ಮಾಡೆಲ್ ಬಂದದ್ದು 2018ರಲ್ಲಿ, ಅದರ ಮಷೀನ್ ಬೇರೆ. ನಿಮ್ಮದು ಗಂಟೆಗೆ 25,200 ಸಲ ಬಡಿಯುತ್ತೆ, ಸೆಕೆಂಡಿಗೆ ಏಳು ಸಲ. ನಿಲ್ಲದೆ ಓಡಿದರೆ ವರ್ಷಕ್ಕೆ 22 ಕೋಟಿ ಬಡಿತ. ಈ ಬಡಿತವನ್ನೆಲ್ಲ ಹೊರುವುದು ಕೂದಲೆಳೆಯಷ್ಟು ಸಣ್ಣ ಉಕ್ಕಿನ ಮೊನೆಗಳು, ಅವು ತಿರುಗುವುದು ಮಾಣಿಕ್ಯದ ಕಲ್ಲಿನ ತೂತಿನಲ್ಲಿ, ಎರಡರ ನಡುವೆ ಇರುವುದು ಸೂಜಿಮೊನೆಗೂ ಕಡಿಮೆ ಎಣ್ಣೆ. ಈ ಎಣ್ಣೆ ವರ್ಷ ಕಳೆದಂತೆ ಸ್ವಲ್ಪ ಹರಡಿಕೊಳ್ಳುತ್ತೆ, ಸ್ವಲ್ಪ ಗಟ್ಟಿಯಾಗುತ್ತೆ. ಎಣ್ಣೆ ಸರಿಯಿದ್ದ ಮಷೀನನ್ನು ಭೂತಗನ್ನಡಿಯಲ್ಲಿ ನೋಡಿದರೆ ಕಲ್ಲಿನ ಸುತ್ತ ತಿಳಿಯಾದ ಒಂದು ಉಂಗುರ ಕಾಣುತ್ತೆ. ಒಣಗಿದ್ದರಲ್ಲಿ ಅದೇ ಜಾಗದಲ್ಲಿ ಬಾಣಲೆ ತಳದಲ್ಲಿ ಹಿಡಿದ ಜಿಡ್ಡಿನ ಹಾಗೆ ಕಂದು ಕಲೆ. ಇನ್ನೂ ತಡ ಮಾಡಿದ್ದರೆ ಮೊನೆಯೇ ಕಪ್ಪಾಗಿ ಅದರ ಮೇಲೆ ಗೆರೆ ಬಿದ್ದಿರುತ್ತೆ. ಕಲ್ಲು ಸವೆಯಲ್ಲ, ಉಕ್ಕು ಸವೆಯುತ್ತೆ. ಸವೆದ ಪುಡಿ ಮಷೀನಿನೊಳಗೇ ತಿರುಗಾಡುತ್ತೆ.

ಹಾಗಾಗಿ "ಓಡೋ ವಾಚ್ ಮುಟ್ಟಬೇಡ" ಅನ್ನುವ ಗೆಳೆಯರ ಮಾತು ಅರ್ಧ ಮಾತ್ರ ನಿಜ. ಓಡುತ್ತಿದೆ ಅಂದ ಮಾತ್ರಕ್ಕೆ ಒಳಗೆ ಚೆನ್ನಾಗಿದೆ ಅಂತ ಅಲ್ಲ. ಸ್ಪ್ರಿಂಗಿನ ಜೋರಿಗೆ ಒಣಗಿದ ಮಷೀನೂ ಓಡುತ್ತೆ, ತನ್ನನ್ನೇ ತಿಂದುಕೊಂಡು ಓಡುತ್ತೆ. ಆದರೆ ಅವರ ಮಾತಿನ ಇನ್ನರ್ಧ ನನಗೂ ಒಪ್ಪಿಗೆ. ಟೈಮ್ ಸರಿ ತೋರಿಸುತ್ತಿದ್ದು, ತೆಗೆದಿಟ್ಟಾಗ ಕಂಪನಿ ಹೇಳಿದಷ್ಟು ಹೊತ್ತು ಓಡುತ್ತಿದ್ದರೆ ಸುಮ್ನೆ ವರ್ಷ ಲೆಕ್ಕ ಹಾಕಿ ಬಿಚ್ಚಿಸಬೇಡಿ. ಬಿಚ್ಚಿದ ಪ್ರತಿ ಸಲವೂ ಧೂಳು ಹೋಗುವ, ಗೀರು ಬೀಳುವ, ಮುಳ್ಳು ಡೊಂಕಾಗುವ ಅವಕಾಶ ಇದ್ದೇ ಇರುತ್ತೆ. ಮೂರು ವರ್ಷಕ್ಕೊಮ್ಮೆ ಎಣ್ಣೆ ಅನ್ನುವುದು ಹಳೆ ಕಾಲದ ಎಣ್ಣೆಗಳ ಲೆಕ್ಕ, ಈಗಿನ ಸಿಂಥೆಟಿಕ್ ಎಣ್ಣೆ ಜಾಸ್ತಿ ಬಾಳುತ್ತೆ. ಒಮೇಗಾ ಕಂಪನಿಯೇ 5ರಿಂದ 8 ವರ್ಷ ಅನ್ನುತ್ತೆ, ರೋಲೆಕ್ಸ್ ಸುಮಾರು 10 ವರ್ಷ ಅನ್ನುತ್ತೆ, ಇಬ್ಬರೂ ಬಳಕೆ ಮೇಲೆ ಹೋಗುತ್ತೆ ಅಂತ ಸೇರಿಸುತ್ತಾರೆ. ಅಂದರೆ ಕಂಪನಿಗೂ ಒಂದೇ ತಾರೀಖು ಹೇಳುವ ಧೈರ್ಯ ಇಲ್ಲ, ಅಲ್ವಾ.

ನಿಮ್ಮ ವಾಚು ಮಾತ್ರ ಎರಡು ಸೂಚನೆ ಕೊಟ್ಟಿದೆ. ಮುಂದೆ ಓಡುತ್ತಿದ್ದದ್ದು ಹಿಂದೆ ಬಿದ್ದಿದೆ, ತೆಗೆದಿಟ್ಟರೆ ಬೇಗ ನಿಲ್ಲುತ್ತಿದೆ. ಈ 2500 ಮಷೀನ್ ಪೂರ್ತಿ ಕೀ ಇದ್ದರೆ 48 ಗಂಟೆ ಓಡಬೇಕು. ಆದರೂ ಒಂದು ಅನುಮಾನ ಪರಿಹಾರ ಮಾಡಿಕೊಳ್ಳಿ. ನೀವು ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರಾಗಿದ್ದರೆ ಕೈ ಜಾಸ್ತಿ ಆಡಲ್ಲ, ಆಟೊಮ್ಯಾಟಿಕ್ ವಾಚು ಪೂರ್ತಿ ಕೀ ತುಂಬಿಕೊಂಡಿರುವುದೇ ಇಲ್ಲ. ಆಗ ಬೇಗ ನಿಂತರೆ ಅದು ರೋಗ ಅಲ್ಲ, ಹಸಿವು. ಅದಕ್ಕೆ ಒಂದು ಪರೀಕ್ಷೆ ಇದೆ. ಶನಿವಾರ ಬೆಳಗ್ಗೆ ಕಿರೀಟ ಬಿಚ್ಚಿ (ಕಿರೀಟ ಅಂದರೆ ಕೀ ಕೊಡುವ ತಿರುಪು, ಮೂರು ಗಂಟೆ ಹತ್ತಿರದ್ದು), ನಿಧಾನವಾಗಿ ಒಂದು 40 ಸುತ್ತು ಕೀ ಕೊಡಿ, ಮೊಬೈಲ್ ಟೈಮಿಗೆ ಸೆಕೆಂಡ್ ಮುಳ್ಳು ಹೊಂದಿಸಿ, ಕಿರೀಟ ಮತ್ತೆ ಒತ್ತಿ ತಿರುಗಿಸಿ ಮುಚ್ಚಿ, ಡಯಲ್ ಮೇಲೆ ಮಾಡಿ ಮೇಜಿನ ಮೇಲೆ ಇಡಿ. 24 ಗಂಟೆ ಆದ ಮೇಲೆ ಎಷ್ಟು ಹಿಂದೆ ಬಿದ್ದಿದೆ ಬರೆದಿಡಿ. ಎಷ್ಟು ಗಂಟೆಗೆ ನಿಂತಿತು ಅದನ್ನೂ ಬರೆಯಿರಿ. 44, 46 ಗಂಟೆ ಓಡಿ ದಿನಕ್ಕೆ ನಾಲ್ಕೈದು ಸೆಕೆಂಡ್ ಮಾತ್ರ ಹಿಂದೆ ಬಿದ್ದರೆ ಇನ್ನೂ ಒಂದು ವರ್ಷ ಆರಾಮಾಗಿ ಹಾಕಿಕೊಳ್ಳಿ. 30 ಗಂಟೆ ಒಳಗೇ ನಿಂತರೆ ಸರ್ವೀಸ್ ಬೇಕೇ ಬೇಕು. ಮುಂದಿನ ವಾರ ಇದನ್ನೇ ವಾಚನ್ನು ನೆಟ್ಟಗೆ ನಿಲ್ಲಿಸಿ, ಕಿರೀಟ ಕೆಳಗೆ ಮಾಡಿ ಇನ್ನೊಮ್ಮೆ ಮಾಡಿ. ಮಲಗಿಸಿದಾಗ ಸರಿ, ನಿಲ್ಲಿಸಿದಾಗ ಅರ್ಧ ನಿಮಿಷ ಹಿಂದೆ ಅಂತಾದರೆ ಎಣ್ಣೆ ಮುಗಿದಿದೆ ಅಂತಲೇ ತಿಳಿಯಿರಿ. ನಿಂತ ಭಂಗಿಯಲ್ಲಿ ಮೊನೆಯ ಪಕ್ಕ ಕಲ್ಲಿಗೆ ಉಜ್ಜುತ್ತೆ, ಎಣ್ಣೆ ಕೊರತೆ ಮೊದಲು ಕಾಣುವುದು ಅಲ್ಲೇ.

ವಾಚು ಹಿಂದೆ ಬೀಳುವ ಬದಲು ಇದ್ದಕ್ಕಿದ್ದಂತೆ ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡಿದ್ದರೆ ನಾನು ಬೇರೆ ಉತ್ತರ ಬರೆಯುತ್ತಿದ್ದೆ. ಅದು ಹೆಚ್ಚಾಗಿ ಅಯಸ್ಕಾಂತದ ಕೆಲಸ. ಮೊಬೈಲ್ ಸ್ಪೀಕರ್, ಟ್ಯಾಬ್ ಕವರ್, ಲೇಡೀಸ್ ಬ್ಯಾಗಿನ ಗುಂಡಿ, ಇವುಗಳ ಪಕ್ಕ ರಾತ್ರಿಯಿಡೀ ಇಟ್ಟರೆ ಹೇರ್‌ಸ್ಪ್ರಿಂಗಿನ (ಬಡಿತವನ್ನು ಹದದಲ್ಲಿಡುವ, ಕೂದಲಿನಂಥ ಸ್ಪ್ರಿಂಗು) ಸುರುಳಿ ಒಂದಕ್ಕೊಂದು ಅಂಟಿಕೊಳ್ಳುತ್ತೆ, ಬಡಿತ ಚುರುಕಾಗುತ್ತೆ. ಡಿಮ್ಯಾಗ್ನೆಟೈಸರ್ ಅನ್ನುವ ಸಣ್ಣ ಯಂತ್ರದಲ್ಲಿ ಕೆಲವೇ ಸೆಕೆಂಡಿನ ಕೆಲಸ, ವಾಚು ಬಿಚ್ಚುವುದೂ ಬೇಡ. ಅಯಸ್ಕಾಂತ ಹಿಡಿದ ವಾಚಿಗೆ ಪೂರ್ತಿ ಸರ್ವೀಸ್ ಬಿಲ್ ಹಾಕುವವರೂ ಇದ್ದಾರೆ, ಅದಕ್ಕೇ ಹೇಳಿದ್ದು.

ಇನ್ನು ದುರ್ಗದಬೈಲಿನ ಸಾವಿರದೈನೂರು. ಅವರು ಮೋಸ ಮಾಡುತ್ತಿದ್ದಾರೆ ಅಂತ ನಾನು ಹೇಳಲ್ಲ. ಎಣ್ಣೆ ಒಣಗಿದೆ ಅನ್ನುವ ಅವರ ಅಂದಾಜೂ ಬಹುಶಃ ಸರಿಯೇ. ಆದರೆ "ಸಂಜಿಕ ಬಂದ್ ಒಯ್ರಿ" ಅನ್ನುವ ಮಾತು ಕೇಳಿದ ಕೂಡಲೇ ನೀವು ವಾಚು ವಾಪಸ್ ಜೇಬಿಗೆ ಹಾಕಿಕೊಳ್ಳಬೇಕು. ಪೂರ್ತಿ ಸರ್ವೀಸ್ ಅಂದರೆ ಮಷೀನನ್ನು ಕೊನೆಯ ಸ್ಕ್ರೂ ತನಕ ಬಿಚ್ಚಿ, ತೊಳೆದು, ಒಣಗಿಸಿ, ಒಂದೊಂದು ಜಾಗಕ್ಕೆ ಒಂದೊಂದು ಎಣ್ಣೆ ಹಾಕಿ ಜೋಡಿಸಿ, ಐದಾರು ಭಂಗಿಯಲ್ಲಿ ಓಟ ನೋಡಿ, ಕೇಸ್ ಮುಚ್ಚಿ, ನೀರಿನ ಪರೀಕ್ಷೆ ಮಾಡಿ, ಆಮೇಲೆ ಕೆಲವು ದಿನ ಓಡಿಸಿ ನೋಡುವುದು. ಸಂಜೆಯೊಳಗೆ ಆಗುವುದು ಏನು ಗೊತ್ತಾ? ಹಿಂದಿನ ಮುಚ್ಚಳ ತೆಗೆದು, ಕಾಣುವ ಕಲ್ಲುಗಳಿಗೆಲ್ಲ ಒಂದೊಂದು ಹನಿ ಬಿಟ್ಟು, ಮುಚ್ಚಿ ಕೊಡುವುದು. ಕೊಳೆ ಒಳಗೇ ಇರುತ್ತೆ, ಹೊಸ ಎಣ್ಣೆ ಹಳೆ ಪುಡಿ ಜೊತೆ ಸೇರಿ ಉಜ್ಜುವ ಪೇಸ್ಟ್ ಆಗುತ್ತೆ. ಒಂದು ತಿಂಗಳು ಚೆನ್ನಾಗಿ ಓಡುತ್ತೆ, ನಿಜ. ಅದೇ ಆ ಅಂಗಡಿಗೆ ಹೆಸರು ತರುವುದು! ಎಣ್ಣೆ ಕಡಿಮೆಯಾದಾಗ ಎಷ್ಟು ಕೆಟ್ಟದ್ದೋ ಜಾಸ್ತಿಯಾದಾಗಲೂ ಅಷ್ಟೇ ಕೆಟ್ಟದ್ದು. ಜಾಸ್ತಿ ಹಾಕಿದ ಎಣ್ಣೆ ಕಲ್ಲಿನ ಬಟ್ಟಲಲ್ಲಿ ನಿಲ್ಲಲ್ಲ, ಹರಿದು ಹೇರ್‌ಸ್ಪ್ರಿಂಗಿಗೆ ತಾಗಿದರೆ ಸುರುಳಿ ಅಂಟಿಕೊಂಡು ವಾಚು ಕುದುರೆ ಓಡಿದ ಹಾಗೆ ಓಡುತ್ತೆ.

ನಿಮ್ಮ ಮಷೀನಿನಲ್ಲಿ ಇನ್ನೊಂದು ತೊಡಕಿದೆ. ಕೋ-ಆಕ್ಸಿಯಲ್ ಅನ್ನುವುದು ಇಂಗ್ಲೆಂಡಿನ ಜಾರ್ಜ್ ಡೇನಿಯಲ್ಸ್ ಕಂಡುಹಿಡಿದ ಎಸ್ಕೇಪ್‌ಮೆಂಟು (ಸ್ಪ್ರಿಂಗಿನ ಜೋರನ್ನು ಒಂದೊಂದೇ ಬಡಿತವಾಗಿ ಬಿಡುವ ಭಾಗ), ಒಮೇಗಾ ಅದನ್ನು 1999ರಲ್ಲಿ ಮಾರುಕಟ್ಟೆಗೆ ತಂದಿತು. ಮಾಮೂಲಿ ಸ್ವಿಸ್ ಮಷೀನಿನಲ್ಲಿ ಹಲ್ಲು ಕಲ್ಲಿನ ಮೇಲೆ ಜಾರಿಕೊಂಡು ಹೋಗುತ್ತೆ, ಇದರಲ್ಲಿ ಜಾರುವುದು ತೀರಾ ಕಡಿಮೆ, ತಳ್ಳುವುದೇ ಜಾಸ್ತಿ. ಹಾಗಂತ ಎಣ್ಣೆ ಬೇಡವೇ ಬೇಡ ಅಂತ ಅಲ್ಲ. ಎಲ್ಲಿ ಹಾಕಬೇಕು, ಎಷ್ಟು ಹಾಕಬೇಕು ಅನ್ನುವ ಲೆಕ್ಕ ಬೇರೆ. ಮಷೀನಿನ ಶಬ್ದ ಕೇಳಿ ಓಟ ಹೇಳುವ ಟೈಮ್‌ಗ್ರಾಫರ್ ಅನ್ನುವ ಉಪಕರಣ ಇದೆ. ಅದರಲ್ಲಿ ಲಿಫ್ಟ್ ಆಂಗಲ್ ಅಂತ ಒಂದು ಅಂಕಿ ತುಂಬಬೇಕು. ಮಾಮೂಲಿ ಸ್ವಿಸ್ ಮಷೀನಿಗೆ ಸುಮಾರು 52 ಡಿಗ್ರಿ, ನಿಮ್ಮದಕ್ಕೆ 38. ಈ ಅಂಕಿ ಬದಲಿಸದೆ ನೋಡಿದರೆ ಬ್ಯಾಲೆನ್ಸ್ ಚಕ್ರ (ಅತ್ತಿತ್ತ ಆಡುತ್ತಾ ಬಡಿತ ಕೊಡುವ ಚಕ್ರ) ಎಷ್ಟು ತೂಗಾಡುತ್ತಿದೆ ಅನ್ನುವುದೇ ತಪ್ಪು ಬರುತ್ತೆ. ಯಾರಾದರೂ ನಾನು ಕೋ-ಆಕ್ಸಿಯಲ್ ಮಾಡ್ತೀನಿ ಅಂದರೆ "ಲಿಫ್ಟ್ ಆಂಗಲ್ ಎಷ್ಟು ಇಡ್ತೀರಿ?" ಅಂತ ಕೇಳಿ. ಥಟ್ಟನೆ ಉತ್ತರ ಬಂದರೆ ಕೂತು ಮಾತಾಡಿ. "ಅದೆಲ್ಲ ನಿಮಗ್ಯಾಕ್ರಿ" ಅಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಕೈಗುಣ ಇದ್ದರೂ ಪಾರ್ಟು ಬೇಕಲ್ಲ? ಒಮೇಗಾ ಸ್ವಾಚ್ ಗ್ರೂಪಿನದು. ಆ ಗ್ರೂಪು 2015ರ ಕೊನೆಗೆ ಹೋಲ್‌ಸೇಲ್ ವ್ಯಾಪಾರಿಗಳಿಗೆ ಬಿಡಿಭಾಗ ಕೊಡುವುದನ್ನೇ ನಿಲ್ಲಿಸಿತು, ತಾನು ಒಪ್ಪಿದ ಕಾರ್ಯಾಗಾರಗಳಿಗೆ ಮಾತ್ರ ಕೊಡುತ್ತೆ. ರೋಲೆಕ್ಸ್ ಕೂಡ ಹಾಗೇ. ಹಾಗಾಗಿ ನಿಮ್ಮ ವಾಚಿನ ಒಂದು ಚಕ್ರ ಹೋದರೆ ಕೊಪ್ಪಿಕರ್ ರೋಡಿನ ವಾಚ್ ಅಂಗಡಿಯವರು ಎಷ್ಟೇ ಒಳ್ಳೆ ಕೆಲಸಗಾರರಾದರೂ ಸರಿಯಾದ ದಾರಿಯಲ್ಲಿ ಹೊಸದು ತರಿಸಲಾರರು. ಹಳೆಯ ಯಾವುದೋ ವಾಚಿನಿಂದ ಕಿತ್ತದ್ದು, ಇಲ್ಲವೇ ನಕಲಿ. ಆಮೇಲೆ ನೀವು ಕಂಪನಿಗೆ ಕೊಂಡುಹೋದರೆ, ನಕಲಿ ಪಾರ್ಟು ತೆಗೆದು ಅಸಲಿ ಹಾಕಿಸಿಕೊಂಡರೆ ಮಾತ್ರ ಮುಟ್ಟುತ್ತೇವೆ ಅನ್ನುತ್ತಾರೆ, ಅದರ ಬಿಲ್ಲೂ ನಿಮ್ಮದೇ.

ಇದು ಎಲ್ಲ ದುಬಾರಿ ವಾಚಿಗೂ ಅನ್ವಯ ಅಲ್ಲ ಅನ್ನುವುದನ್ನೂ ಹೇಳಬೇಕು. ನಮ್ಮ ಕಡೆ ಗಲ್ಫಿಗೆ ಹೋಗಿಬಂದವರ ಮನೆಯಲ್ಲೆಲ್ಲ ಒಂದು ಹಳೆ ರಾಡೋ ಡಯಾಸ್ಟಾರ್ ಇರುತ್ತೆ. ಅದರೊಳಗೆ ಹೆಚ್ಚಾಗಿ ಇಟಿಎ (ಬೇರೆ ಬೇರೆ ಬ್ರಾಂಡುಗಳಿಗೆ ಮಷೀನು ಮಾಡಿಕೊಡುವ ಸ್ವಿಸ್ ಕಂಪನಿ) ಮಷೀನು. ಇಟಿಎ 2824, 7750 ತರಹದ ಮಷೀನುಗಳು ಎಷ್ಟೋ ಬ್ರಾಂಡುಗಳಲ್ಲಿವೆ, ಅವುಗಳನ್ನೇ ಹೋಲುವ ಸೆಲಿಟಾ ಮಷೀನುಗಳೂ ಬಂದಿವೆ, ಪಾರ್ಟು ಹೇಗೋ ಸಿಗುತ್ತೆ, ಬಿಚ್ಚಿ ಅಭ್ಯಾಸ ಇರುವ ಕೈಗಳೂ ಇವೆ. ಅಂಥದ್ದನ್ನು ಒಳ್ಳೆಯ ಸ್ವತಂತ್ರ ಕೆಲಸಗಾರರ ಹತ್ತಿರ ಮಾಡಿಸಿದರೆ ಅರ್ಧ ದುಡ್ಡಿನಲ್ಲಿ ಅಷ್ಟೇ ಒಳ್ಳೆಯ ಕೆಲಸ ಆಗುತ್ತೆ. ಬೆಂಗಳೂರು, ಮುಂಬೈಯಲ್ಲಿ ಅಂಥವರಿದ್ದಾರೆ, ನಮ್ಮಲ್ಲೂ ಇದ್ದಾರೆ, ಆದರೆ ಬೆರಳೆಣಿಕೆ. ಅಂಗಡಿಗೆ ಹೋದಾಗ ಬೋರ್ಡ್ ನೋಡಬೇಡಿ, ಮೇಜು ನೋಡಿ. ಟೈಮ್‌ಗ್ರಾಫರ್ ಇದೆಯಾ, ನೀರಿನ ಪರೀಕ್ಷೆಯ ಯಂತ್ರ ಇದೆಯಾ, ಎಣ್ಣೆ ಬಟ್ಟಲುಗಳಿಗೆ ಮುಚ್ಚಳ ಇದೆಯಾ, ಹಿಂದಿನ ಮುಚ್ಚಳ ತೆಗೆಯಲು ಸರಿಯಾದ ಕೀಲಿ ಬಳಸುತ್ತಾರಾ, ಚಾಕು ಹಾಕಿ ಎಬ್ಬುತ್ತಾರಾ. ಮೇಜಿನ ಮೇಲೆ ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ, ಪಕ್ಕದಲ್ಲೇ ರಸ್ತೆ ಧೂಳು ಬರುತ್ತಿದ್ದರೆ ಅಲ್ಲಿ ಸೆಲ್ ಹಾಕಿಸಿ, ಬೆಲ್ಟ್ ಹಾಕಿಸಿ, ಮಷೀನು ಬಿಚ್ಚಿಸಬೇಡಿ.

ಧೂಳಿನ ವಿಷಯ ಬಂತಲ್ಲ, ಒಂದು ಹೇಳಲೇಬೇಕು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವವರ ಸ್ವಿಸ್ ವಾಚೊಂದು ನನ್ನ ಮೇಜಿಗೆ ಬಂದಿತ್ತು, ಕಿರೀಟ ತಿರುಗಿಸಲು ಬಿಗಿ ಅನ್ನುವುದೊಂದೇ ದೂರು. ಕಿರೀಟ ಎಳೆದು ಭೂತಗನ್ನಡಿಯಲ್ಲಿ ನೋಡಿದರೆ ಕೊಳವೆಯ ತಿರುಪಿನ ಮರೆಗಳಲ್ಲೆಲ್ಲ ಗ್ರೀಸಿನ ಜೊತೆ ಕಲೆತು ಗಟ್ಟಿಯಾದ ಕೆಂಪು ಪುಡಿ. ಚಿಮಟದ ತುದಿಯಲ್ಲಿ ಕೆದಕಿದ ಕೂಡಲೇ ನನಗೇ ಸೀನು ಶುರು. ಮಷೀನಿನೊಳಗೆ ಒಂದು ಕಣ ಹೋಗಿರಲಿಲ್ಲ, ರಬ್ಬರ್ ವಾಷರ್ ತಡೆದಿತ್ತು, ಆದರೆ ಆ ವಾಷರ್ ಸವೆದು ಚಪ್ಪಟೆಯಾಗಿತ್ತು. ಇನ್ನೊಂದು ಮಳೆಗಾಲ ಬಂದಿದ್ದರೆ ನೀರು ಒಳಗೆ. ಕಿರೀಟ, ಕೊಳವೆ, ವಾಷರ್ ಬದಲಿಸಿದರೆ ಸಾಕಾಯಿತು, ಮಷೀನು ಮುಟ್ಟುವ ಅಗತ್ಯವೇ ಬರಲಿಲ್ಲ. ಮೆಣಸಿನಕಾಯಿ, ಹತ್ತಿ, ಸಿಮೆಂಟು, ಹಿಟ್ಟಿನ ಗಿರಣಿ, ಇಂಥ ಕಡೆ ಕೆಲಸ ಮಾಡುವವರಿಗೆ ಕಂಪನಿ ಹೇಳುವ ಎಂಟು ಹತ್ತು ವರ್ಷದ ಲೆಕ್ಕ ಹಿಡಿಯಲ್ಲ.

ಇಲ್ಲಿಂದಲೇ ನಿಮ್ಮ ಮಳೆ ಪ್ರಶ್ನೆಗೆ ಬರುತ್ತೇನೆ. ಎಣ್ಣೆಯ ವಿಷಯಕ್ಕೆ ವಾಚಿನ ಓಟ ನೋಡಿ, ನೀರಿನ ವಿಷಯಕ್ಕೆ ಮಾತ್ರ ಕ್ಯಾಲೆಂಡರ್ ನೋಡಿ. ಡಯಲ್ ಮೇಲಿನ 300 ಮೀಟರ್ ಅನ್ನುವುದು ವಾಷರ್‌ಗಳು ಹೊಸದಿದ್ದಾಗಿನ ಮಾತು. ಇಷ್ಟು ವರ್ಷದ ರಬ್ಬರು ಏನಾಗಿದೆ ಅಂತ ಹೊರಗಿನಿಂದ ಯಾರಿಗೂ ಹೇಳಲು ಬರಲ್ಲ. ನಿಮ್ಮದನ್ನು ಒಮ್ಮೆಯೂ ಪರೀಕ್ಷೆ ಮಾಡಿಸಿಲ್ಲ, ಆದ್ದರಿಂದ ಸದ್ಯಕ್ಕೆ ಅದು ನೀರಿಗೆ ಆಗದ ವಾಚು ಅಂತಲೇ ಲೆಕ್ಕ. ಮಳೆ ಹನಿ ಬಿದ್ದರೆ ಗಾಬರಿ ಬೇಡ, ಒರೆಸಿಕೊಳ್ಳಿ. ಈಜು, ಗೀಸರ್ ನೀರಿನ ಸ್ನಾನ, ಇವೆರಡೂ ಬೇಡ. ಬಿಸಿನೀರು ಮತ್ತು ಸಾಬೂನು ರಬ್ಬರಿಗೆ ತಣ್ಣೀರಿಗಿಂತ ಜಾಸ್ತಿ ಕೆಟ್ಟದ್ದು. ರಂಗಪಂಚಮಿ ದಿನ ನಮ್ಮ ಹುಬ್ಬಳ್ಳಿಯಲ್ಲಿ ಹೊರಗೆ ಕಾಲಿಟ್ಟರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ, ಅವತ್ತು ವಾಚು ತಿಜೋರಿಯಲ್ಲೇ ಇರಲಿ. ಪರೀಕ್ಷೆ ಕೆಲವು ನಿಮಿಷದ ಕೆಲಸ. ನೀರಿಗೇ ಹಾಕಬೇಕಂತಿಲ್ಲ, ಗಾಳಿಯ ಒತ್ತಡದಲ್ಲೇ ಕೇಸ್ ಸೋರುತ್ತಾ ಅಂತ ತಿಳಿಯುವ ಯಂತ್ರ ಇದೆ. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ ಮಾಡಿಸಿದರೆ ಸಾಕು. ಇನ್ನೊಂದು, ನಿಮ್ಮ ವಾಚಿನಲ್ಲಿ ಹತ್ತು ಗಂಟೆ ಹತ್ತಿರ ಎರಡನೆಯ ತಿರುಪು ಇದೆಯಲ್ಲ, ಅದು ಸಮುದ್ರದ ಆಳದಲ್ಲಿ ಕೆಲಸ ಮಾಡುವವರಿಗೆ ಹೀಲಿಯಂ ಹೊರಗೆ ಬಿಡಲು ಇಟ್ಟದ್ದು. ಉಣಕಲ್ ಕೆರೆ ದಂಡೆಯಲ್ಲಿ ವಾಕಿಂಗ್ ಮಾಡುವವರಿಗೆ ಅದರ ಕೆಲಸ ಇಲ್ಲ. ಕೂತಲ್ಲಿ ಆಡಿಸುವ ಅಭ್ಯಾಸ ಇದ್ದರೆ ಬಿಡಿ, ಅದು ಸಡಿಲ ಇದ್ದರೂ ನೀರಿಗೆ ದಾರಿಯೇ.

ಒಂದು ವೇಳೆ ಗ್ಲಾಸಿನೊಳಗೆ ಮಂಜು ಕಂಡರೆ ಮೇಲೆ ಹೇಳಿದ್ದೆಲ್ಲ ಮರೆತುಬಿಡಿ. ಅಕ್ಕಿ ಡಬ್ಬಿಯಲ್ಲಿ ಹೂಳಬೇಡಿ, ಬಿಸಿಲಿಗೆ ಇಡಬೇಡಿ, ಬೆಂಗಳೂರಿಗೆ ಅಪಾಯಿಂಟ್‌ಮೆಂಟ್ ತಗೊಂಡು ಕಾಯಲೂ ಬೇಡಿ. ಅವತ್ತೇ ಊರಿನಲ್ಲಿ ಕೈ ಸ್ವಚ್ಛ ಇರುವ ಒಬ್ಬರ ಹತ್ತಿರ ಹೋಗಿ, ಹಿಂದಿನ ಮುಚ್ಚಳ ತೆಗೆಸಿ, ಮಷೀನು ಒಣಗಿಸಿ ಅನ್ನಿ. ಉಕ್ಕಿಗೆ ತುಕ್ಕು ಹಿಡಿಯಲು ಒಂದೆರಡು ದಿನ ಸಾಕು. ಆಗ ದುರ್ಗದಬೈಲಿನವರೇ ನಿಮ್ಮ ವಾಚು ಉಳಿಸುವವರು. ಒಣಗಿಸಿದ ಮೇಲೆ ಕಂಪನಿಗೆ ಕೊಡಿ.

ಸರಿ, ಒಮೇಗಾಗೆ ಅವಸರ ಇಲ್ಲ ಅಂದೆನಲ್ಲ, ಯಾಕೆ? ಎಣ್ಣೆ ಒಣಗಿದ ಮೇಲೂ ಹಾಕಿಕೊಂಡರೆ ಸವೆಯುತ್ತೆ, ಅದು ಖರೆ. ಆದರೆ ಕಂಪನಿ ಸೆಂಟರಿನ ಪೂರ್ತಿ ಸರ್ವೀಸ್ ದರದಲ್ಲಿ ಮಷೀನಿನ ಸವೆದ ಭಾಗಗಳ ಬದಲಾವಣೆ ಸಾಮಾನ್ಯವಾಗಿ ಸೇರಿರುತ್ತೆ, ಪಾರ್ಟೂ ಅವರ ಹತ್ತಿರ ಇರುತ್ತೆ. ನೀವು ನಾಲ್ಕು ತಿಂಗಳು ತಡ ಮಾಡಿದರೆ ಬಿಲ್ ಎರಡು ಪಟ್ಟಾಗಲ್ಲ. "ಈಗಲೇ ಕೊಡದಿದ್ದರೆ ಮಷೀನೇ ಹೋಗುತ್ತೆ" ಅಂತ ಹೆದರಿಸುವವರ ಮಾತು ಕೇಳಬೇಡಿ. ದುಡ್ಡು ಹೊಂದಿಸಿಕೊಳ್ಳಿ, ಅಲ್ಲಿಯ ತನಕ ಅದನ್ನು ನಿಲ್ಲಲು ಬಿಟ್ಟು ಬೇರೆ ವಾಚು ಹಾಕಿಕೊಂಡರೆ ಇನ್ನೂ ಒಳ್ಳೆಯದು. ನಿಂತ ಮಷೀನು ಸವೆಯಲ್ಲ.

ಕೊಡುವುದಕ್ಕೆ ನನ್ನ ಪ್ರಕಾರ ಆಷಾಢ ಸರಿಯಾದ ಕಾಲ. ಮದುವೆ ಮುಂಜಿ ಇರಲ್ಲ, ಮಳೆಯಲ್ಲಿ ಹಾಕುವ ಆಸೆಯೂ ಇರಲ್ಲ. ಪ್ರತಿ ಏಪ್ರಿಲ್‌ನಲ್ಲಿ "ಮುಂದಿನ ವಾರ ತಮ್ಮನ ಮದುವೆ, ಅಷ್ಟರೊಳಗೆ ಕೊಡಿಸಿ" ಅಂತ ಬರುವವರನ್ನು ನೋಡಿ ನೋಡಿ ಸಾಕಾಗಿದೆ. ಕಂಪನಿ ಸೆಂಟರ್ ಅಂದರೆ ವಾರಗಳ ಲೆಕ್ಕ, ಪಾರ್ಟು ಸ್ವಿಟ್ಜರ್‌ಲೆಂಡಿನಿಂದ ಬರಬೇಕಾದರೆ ತಿಂಗಳುಗಳ ಲೆಕ್ಕ. ಕಂಪನಿಯ ವೆಬ್‌ಸೈಟಿನಲ್ಲೇ ಅಧಿಕೃತ ಸೆಂಟರಿನ ವಿಳಾಸ ನೋಡಿಕೊಳ್ಳಿ, ಗೂಗಲ್‌ನಲ್ಲಿ ಮೊದಲು ಬಂದ ಫೋನ್ ನಂಬರ್ ನಂಬಬೇಡಿ, ಬ್ರಾಂಡಿನ ಹೆಸರು ಹಾಕಿಕೊಂಡ ಅಂಗಡಿಗಳೆಲ್ಲ ಬ್ರಾಂಡಿನವು ಅಲ್ಲ. ಸಾಧ್ಯವಾದರೆ ಕೊರಿಯರ್ ಬೇಡ, ಎಷ್ಟೋ ಕೊರಿಯರ್‌ನವರು ದುಬಾರಿ ವಸ್ತುವಿನ ಜವಾಬ್ದಾರಿಯನ್ನೇ ಒಪ್ಪಿಕೊಳ್ಳಲ್ಲ, ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ರಾತ್ರಿ ರಾಣಿ ಚೆನ್ನಮ್ಮ ಹತ್ತಿದರೆ ಬೆಳಗ್ಗೆ ಬೆಂಗಳೂರು, ಯಾರಾದರೂ ಹೋಗುವವರಿದ್ದರೆ ಅವರ ಕೈಯಲ್ಲಿ ಕಟ್ಟಿಯೇ ಕಳಿಸಿ. ವಾಚು ದುಬೈಯದ್ದು ಅಂತ ಅವರು ಬೇಡ ಅನ್ನಲ್ಲ, ಸರ್ವೀಸಿಗೆ ಅದು ಅಡ್ಡಿ ಅಲ್ಲ. ಕಾರ್ಡ್ ಇದ್ದರೆ ಜೊತೆಗಿರಲಿ.

ಕೊಡುವ ಮುಂಚೆ ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ, ಇರುವ ಗೀರುಗಳೂ ಸೀರಿಯಲ್ ನಂಬರೂ ಕಾಣುವಂತೆ. ಅಲ್ಲಿ ಅಂದಾಜು ಪಟ್ಟಿ ಬರವಣಿಗೆಯಲ್ಲಿ ಕೇಳಿ, ನೀವು ಒಪ್ಪಿದ ಮೇಲೆ ಮಾತ್ರ ಕೆಲಸ ಶುರುವಾಗಬೇಕು. ಬೇಡ ಅಂದರೆ ವಾಪಸ್ ಕೊಡಲು ಏನಾದರೂ ಚಾರ್ಜ್ ಇದೆಯಾ ಅಂತ ಮೊದಲೇ ಕೇಳಿ. ಎಲ್ಲಕ್ಕಿಂತ ಮುಖ್ಯ ಪಾಲಿಶ್. ಪೂರ್ತಿ ಸರ್ವೀಸ್‌ನಲ್ಲಿ ಕೇಸ್ ಮತ್ತು ಚೈನಿನ ಪಾಲಿಶ್ ಸೇರಿಯೇ ಬರುತ್ತೆ, ನೀವು ಬಾಯಿಬಿಡದಿದ್ದರೆ ಮಾಡಿಬಿಡುತ್ತಾರೆ. ಸೀಮಾಸ್ಟರಿನ ಕಾಲುಗಳು (ಚೈನು ಕೂರುವ ಕೇಸಿನ ತುದಿಗಳು) ಚೂಪಾಗಿ ತಿರುಚಿಕೊಂಡ ಹಾಗಿವೆ, ಅದೇ ಅದರ ಚಂದ. ಪ್ರತಿ ಪಾಲಿಶ್‌ನಲ್ಲೂ ಲೋಹ ಹೋಗುತ್ತೆ, ಅಂಚು ಮೊಂಡಾಗುತ್ತೆ, ಮುಂದೆ ಮಾರುವಾಗ ನೋಡುವವರು ಮೊದಲು ನೋಡುವುದೂ ಅದನ್ನೇ. ಗೀರು ಕಣ್ಣಿಗೆ ಚುಚ್ಚುವಷ್ಟು ಇಲ್ಲದಿದ್ದರೆ "ಪಾಲಿಶ್ ಬೇಡ" ಅಂತ ರಸೀದಿಯಲ್ಲೇ ಬರೆಸಿ, ಬಾಯಿಮಾತು ಮೇಜಿನ ತನಕ ಹೋಗಲ್ಲ. ಒಮೇಗಾದವರು ಸರ್ವೀಸಿಗೆ 2 ವರ್ಷ ಗ್ಯಾರಂಟಿ ಕೊಡುತ್ತಾರೆ. ವಾಪಸ್ ಬಂದ ವಾರ ಮೇಲಿನ 40 ಸುತ್ತಿನ ಪರೀಕ್ಷೆ ಮತ್ತೆ ಮಾಡಿ. ಇದು ಕ್ರೊನೋಮೀಟರ್ ಪ್ರಮಾಣಪತ್ರದ ಮಷೀನು, ಅದರ ಮಟ್ಟ ದಿನಕ್ಕೆ 4 ಸೆಕೆಂಡ್ ಹಿಂದೆಯಿಂದ 6 ಸೆಕೆಂಡ್ ಮುಂದೆಯ ನಡುವೆ. ಅದರಿಂದ ತುಂಬಾ ಆಚೆ ಹೋದರೆ ಸಂಕೋಚ ಇಲ್ಲದೆ ವಾಪಸ್ ಕೊಡಿ.

ಈಗ ಅಪ್ಪನ ವಾಚು. ಇದನ್ನು ಒಮೇಗಾ ಸೆಂಟರಿಗೆ ಕೊಡುವ ಪ್ರಶ್ನೆಯೇ ಇಲ್ಲ, ಬೇರೆ ಕಂಪನಿಯ ವಾಚನ್ನು ಅವರು ತಗೊಳ್ಳಲ್ಲ. ಫೇವರ್ ಲೂಬಾ ಒಂದು ಕಾಲದಲ್ಲಿ ನಮ್ಮ ದೇಶದಲ್ಲಿ ಮದುವೆಯ ವಾಚು. 1737ರ ಕಂಪನಿ, ಮುಂಬೈಯಲ್ಲಿ 19ನೇ ಶತಮಾನದಲ್ಲೇ ಬೇರು ಬಿಟ್ಟಿತ್ತು. ಈಚೆಗೆ ಆ ಹೆಸರಿನಲ್ಲಿ ಹೊಸ ವಾಚುಗಳೂ ಬರುತ್ತಿವೆ, ಆದರೆ ಅಪ್ಪನ ಕಾಲದ ಸೀ ಕಿಂಗಿನ ಮಷೀನಿಗೆ ಹೊಸ ಪಾರ್ಟು ಅಂಗಡಿಯಲ್ಲಿ ಸಿಗುವ ಕಾಲ ಮುಗಿದಿದೆ. ಹಳೆ ಕೆಲಸಗಾರರ ಡಬ್ಬಿಗಳಲ್ಲಿ ಉಳಿದಷ್ಟೇ. ಅದಕ್ಕೇ ನನಗೆ ಈ ವಾಚಿನ ಚಿಂತೆ ಜಾಸ್ತಿ. ಒಮೇಗಾದ ಮೊನೆ ಸವೆದರೆ ಹೊಸದು ಬರುತ್ತೆ, ಇದರದ್ದು ಸವೆದರೆ ಹೋಯಿತು. ಹಬ್ಬಕ್ಕೊಮ್ಮೆ ಕೀ ಕೊಟ್ಟು ಓಡಿಸುವಾಗ ಒಳಗಿರುವುದು ಬಹುಶಃ ದಶಕಗಳ ಹಿಂದಿನ ಎಣ್ಣೆ, ಅಂದರೆ ಅಂಟು.

ಇದಕ್ಕೆ ಬೇಕಾದ ಕೈ ನಮ್ಮೂರಲ್ಲೇ ಇದೆ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಜೊತೆಗೂಡಿ ಬೆಂಗಳೂರಿನಲ್ಲಿ ವಾಚು ಶುರು ಮಾಡಿದ ಮೇಲೆ, ಜನತಾ, ಪೈಲಟ್ ಬಿಚ್ಚಿ ಜೋಡಿಸಿಯೇ ಸಂಸಾರ ನಡೆಸಿದ ಒಂದು ತಲೆಮಾರು ಹುಬ್ಬಳ್ಳಿ, ಧಾರವಾಡ, ಗದಗದ ಸಣ್ಣ ಅಂಗಡಿಗಳಲ್ಲಿ ಕೂತಿತ್ತು. 2016ರಲ್ಲಿ ಸರ್ಕಾರ ಎಚ್‌ಎಂಟಿ ವಾಚ್ ಮುಚ್ಚಲು ತೀರ್ಮಾನಿಸಿತು, ಮಕ್ಕಳು ಮೊಬೈಲ್ ಅಂಗಡಿ ಇಟ್ಟರು, ಆದರೆ ಕೆಲವು ಕಾಕಾಗಳು ಇನ್ನೂ ಮೇಜು ಬಿಟ್ಟಿಲ್ಲ. ಕೀ ಕೊಡುವ, ತಾರೀಖು ಗೀರೀಖು ಇಲ್ಲದ 17 ಕಲ್ಲಿನ ಮಷೀನು ಅವರ ಕೈಗೆ ಕಣ್ಣು ಮುಚ್ಚಿದರೂ ಗೊತ್ತು. ಅಂಥವರನ್ನು ಹುಡುಕಿ. ಹೋದಾಗ ಹೀಗೆ ಹೇಳಿ: "ಕಾಕಾ, ಅವಸರ ಇಲ್ರಿ, ಪೂರ್ತಿ ಬಿಚ್ಚಿ ತೊಳದು ಮಾಡ್ರಿ, ಡಯಲ್ ಮಾತ್ರ ಮುಟ್ಟಬ್ಯಾಡ್ರಿ." ಅವಸರ ಇಲ್ಲ ಅಂದ ಗಿರಾಕಿ ಅವರಿಗೆ ಅಪರೂಪ, ಅರ್ಧ ಕೆಲಸ ಅಲ್ಲೇ ಒಳ್ಳೆಯದಾಗುತ್ತೆ. ಚಾರ್ಜು ಕೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಕೊಡಿ.

ಡಯಲ್ ಯಾಕೆ ಮುಟ್ಟಬಾರದು ಅಂದರೆ, ಮಾಸಿದ ಡಯಲ್ ನೋಡಿದ ಕೂಡಲೇ "ಹೊಸದು ಮಾಡಿಸ್ತೀನ್ರಿ" ಅನ್ನುವವರು ತುಂಬಾ. ಬಣ್ಣ ಹೊಡೆದು ಹೆಸರು ಮರುಮುದ್ರಿಸಿದ ಡಯಲ್‌ಗಳಿಂದಾಗಿ ನಮ್ಮ ದೇಶದ ಹಳೆ ವಾಚುಗಳನ್ನು ಸಂಗ್ರಹ ಮಾಡುವವರು ದೂರದಿಂದಲೇ ಅನುಮಾನಿಸುತ್ತಾರೆ. ಅಪ್ಪ ನೋಡಿದ ಡಯಲ್ಲೇ ಇರಲಿ. ಗ್ಲಾಸ್ ಗೀರಾಗಿದ್ದರೆ ಅದನ್ನು ಧಾರಾಳವಾಗಿ ಬದಲಿಸಿ, ಪ್ಲಾಸ್ಟಿಕ್ ಗ್ಲಾಸು, ಕಡಿಮೆ ದುಡ್ಡು. ತೆಗೆದ ಪಾರ್ಟುಗಳನ್ನು ಒಂದು ಚೀಟಿಯಲ್ಲಿ ಕಟ್ಟಿ ವಾಪಸ್ ಕೇಳಿ. ಸರ್ವೀಸ್ ಆದ ಮೇಲೆ ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ಕೀ ಕೊಡಿ, ತಡೆ ಸಿಕ್ಕ ಕೂಡಲೇ ನಿಲ್ಲಿಸಿ, ಅದರಾಚೆ ಒತ್ತಬೇಡಿ. ನೀರಿನ ಹತ್ತಿರ ಒಯ್ಯಲೇಬೇಡಿ, ಹೆಸರಲ್ಲಿ ಸಮುದ್ರ ಇದ್ದರೂ ಸರಿ.

ವೈಂಡರ್ ಬೇಡ. ಒಂದೇ ಆಟೊಮ್ಯಾಟಿಕ್ ಇರುವವರಿಗೆ ಅದು ದಂಡ, ಅದರಲ್ಲೂ ಎಣ್ಣೆ ಒಣಗಿದ ವಾಚನ್ನು ರಾತ್ರಿಯಿಡೀ ತಿರುಗಿಸಿ ಓಡಿಸುವುದು ಸವೆತಕ್ಕೆ ದುಡ್ಡು ಕೊಟ್ಟ ಹಾಗೆ. ಆ ದುಡ್ಡನ್ನು ಸರ್ವೀಸ್ ಲೆಕ್ಕಕ್ಕೆ ಎತ್ತಿಡಿ. ನಿಂತ ವಾಚಿಗೆ ಮತ್ತೆ ಟೈಮ್ ಇಡುವಾಗ ಒಂದು ಎಚ್ಚರಿಕೆ ಸಾಕು: ರಾತ್ರಿ 9ರಿಂದ ಬೆಳಗಿನ ಜಾವ 3ರ ತನಕ ಮುಳ್ಳು ಇರುವಾಗ ತಾರೀಖನ್ನು ಕಿರೀಟದಿಂದ ಬದಲಿಸಬೇಡಿ, ಆ ಹೊತ್ತಿಗೆ ತಾರೀಖಿನ ಹಲ್ಲು ಕಚ್ಚಿಕೊಂಡಿರುತ್ತೆ. ಮುಳ್ಳನ್ನು ಆರರ ಹತ್ತಿರ ತಂದು, ತಾರೀಖು ಬದಲಿಸಿ, ಆಮೇಲೆ ಟೈಮ್ ಇಡಿ.